ಘಟ್ಟದ ಬುಡದಲ್ಲಿ ಮೆಣಸಿನ ರಾಜಧಾನಿ

ಹೊನ್ನಾವರದಿಂದ ಜೋಗಕ್ಕೆ ಹೊರಟವರು ಗೇರುಸೊಪ್ಪೆಯಲ್ಲಿ ಚಹ ಕುಡಿದು ಘಟ್ಟ ಹತ್ತಿಬಿಡುತ್ತಾರೆ. ಅಯ್ಯೋ, ಪಕ್ಕದಲ್ಲೇ ಒಂದು ರಾಜಧಾನಿ ಮಲಗಿದೆ!

ನಗರಬಸ್ತಿಕೇರಿ. ಹೆಸರಲ್ಲೇ ನಗರವಿದೆ, ಕಣ್ಣಿಗೆ ಮಾತ್ರ ಬರೀ ಕಾಡು. ಮರಗಳ ನಡುವೆ ದಿಢೀರನೆ ಚತುರ್ಮುಖ ಬಸದಿ! ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವುದರಲ್ಲಿ ಇಣುಕಿದರೂ ಎದುರಿಗೆ ಕುಳಿತ ಜಿನ. ನಾನು ಸುತ್ತಿದ್ದೇ ಸುತ್ತಿದ್ದು. ಇಲ್ಲೊಮ್ಮೆ ಲಕ್ಷ ಮನೆಗಳಿದ್ದವು, ಎಂಬತ್ತನಾಲ್ಕು ಬಸದಿಗಳಿದ್ದವು ಎಂಬುದು ಜನರ ಮಾತು. ಲಕ್ಷದ ಲೆಕ್ಕ ನಂಬುವುದು ಕಷ್ಟ, ಆದರೆ ಬಸದಿಯ ಗಾತ್ರ ನೋಡಿದ ಮೇಲೆ ನಗುವ ಧೈರ್ಯವೂ ಬರುವುದಿಲ್ಲ.

ಸಮುದ್ರದಿಂದ ಸುಮಾರು ಮೂವತ್ತು ಕಿಲೋಮೀಟರ್ ಒಳಗೆ, ಈ ಮೂಲೆಯಲ್ಲೇ ಯಾಕೆ ಪಟ್ಟಣ? ಉತ್ತರ ಶರಾವತಿಯಲ್ಲಿದೆ. ಹೊನ್ನಾವರದ ಅಳಿವೆಯಿಂದ ಹೊರಟ ದೋಣಿ ಬರುವುದು ಇಲ್ಲಿಯವರೆಗೆ ಮಾತ್ರ, ಮುಂದೆ ಘಟ್ಟ. ಮೇಲಿನಿಂದ ಹೇರಿನಲ್ಲಿ ಇಳಿದ ಕಾಳುಮೆಣಸು ಇಲ್ಲಿ ದೋಣಿ ಹತ್ತಲೇಬೇಕು. ಹತ್ತುವಲ್ಲಿ ಸುಂಕ, ಸುಂಕವಿದ್ದಲ್ಲಿ ಪೇಟೆ, ಪೇಟೆಯ ಹಣದಲ್ಲಿ ಬಸದಿ!

ಆ ಸುಂಕದ ಕಟ್ಟೆಯ ಒಡತಿ ರಾಣಿ ಚೆನ್ನಭೈರಾದೇವಿ. 1552ರಿಂದ ಐವತ್ತಕ್ಕೂ ಹೆಚ್ಚು ವರ್ಷ ಆಳಿದವಳು. ಗಂಡಸರು ಎಷ್ಟೋ ಮಂದಿ ಅಷ್ಟು ಕಾಲ ಸಿಂಹಾಸನ ಕಂಡಿಲ್ಲ. ಹೊನ್ನಾವರದಲ್ಲಿ ಕೋಟೆ ಹಾಕಿ ಕೂತ ಪೋರ್ಚುಗೀಸರು ಇವಳನ್ನು ಕರೆದದ್ದು ಮೆಣಸಿನ ರಾಣಿ ಎಂದು. ಕುಮಟಾ ಬಳಿಯ ಮಿರ್ಜಾನ್ ಕೋಟೆಯೂ ಅವಳದೇ ಎನ್ನುತ್ತಾರೆ. ಭಟ್ಕಳದಿಂದ ಮಿರ್ಜಾನ್‌ವರೆಗೆ ಕರಾವಳಿಯ ಮೆಣಸಿನ ವ್ಯಾಪಾರದ ಮೇಲೆ ಅವಳ ಕಣ್ಣು.

ಆಮೇಲೆ ಘಟ್ಟದ ಮೇಲಿನ ಕೆಳದಿಯ ದೊರೆ ವೆಂಕಟಪ್ಪ ನಾಯಕ ದಂಡೆತ್ತಿ ಬಂದ. 1606ರ ಸುಮಾರಿಗೆ ಎಲ್ಲ ಮುಗಿಯಿತು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಹೋಗುತ್ತಾ ಇದೇ ನದಿಯಲ್ಲಿ ದೋಣಿಯೇರಿ ಬಂದ. ನದಿಯ ಚೆಲುವಿಗೆ ಮರುಳಾದ. ದಡಕ್ಕಿಳಿದರೆ ರಾಣಿಯ ಹೆಸರಾಂತ ನಗರದ ಮನೆಗಳ ಮೇಲೆ ಮರ ಬೆಳೆದಿತ್ತು, ಒಂದಷ್ಟು ರೈತರ ಗುಡಿಸಲುಗಳಿದ್ದವು. ಎರಡೇ ದಶಕ! ಕಾಡಿಗೆ ಇಷ್ಟು ಅವಸರವೇ? ಅಲ್ಲ, ಕಟ್ಟೆಯ ಆದಾಯ ಘಟ್ಟದ ಮೇಲಿನ ದೊರೆಗೆ ಹೋದ ಮೇಲೆ ಇಲ್ಲಿ ಉಳಿಯಲು ಯಾರಿಗೆ ಕಾರಣವಿತ್ತು?

ಈಗ ಇಲ್ಲಿ ಶರಾವತಿಗೆ ಅಣೆಕಟ್ಟು, 240 ಮೆಗಾವಾಟ್‌ನ ವಿದ್ಯುದಾಗಾರ. ಜ್ವಾಲಾಮಾಲಿನಿಯ ಗುಡಿಗೆ ಭಕ್ತರು ಬರುತ್ತಲೇ ಇದ್ದಾರೆ. ನೀವೂ ಹೋಗಿ, ಮಳೆಗಾಲವೊಂದನ್ನು ಬಿಟ್ಟು. ಜಿಗಣೆಗಳಿಗೆ ಇತಿಹಾಸದಲ್ಲಿ ಆಸಕ್ತಿಯಿಲ್ಲ.