ಅರ್ಥಗಾರಿಕೆ ಮತ್ತು ಉಪನ್ಯಾಸ

ವಿಷಯವನ್ನು ಅರಿತಿರುವುದು ಒಂದು ವಿದ್ಯೆ. ಅದನ್ನು ಸಭೆಯ ಮುಂದೆ ಮಂಡಿಸುವುದು ಇನ್ನೊಂದು. ಮೊದಲನೆಯದು ಇದ್ದಲ್ಲಿ ಎರಡನೆಯದು ತಾನಾಗಿಯೇ ಒದಗುವುದೆಂಬ ನಂಬಿಕೆ ವಿದ್ವಾಂಸರಲ್ಲಿ ಸಾಮಾನ್ಯ. ಆ ನಂಬಿಕೆಯ ಫಲವನ್ನು ಹೊರನಾಡಿನ ಕನ್ನಡ ಸಂಘಗಳ ಸಭಾಂಗಣಗಳಲ್ಲಿ ಕಾಣಬಹುದು. ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ ಪ್ರಬಂಧವನ್ನು ಉಪನ್ಯಾಸಕರು ತಲೆಯೆತ್ತದೆ ಓದಿ ಮುಗಿಸುತ್ತಾರೆ. ಅಷ್ಟರಲ್ಲಿ ಹಿಂದಿನ ಸಾಲುಗಳು ಒಂದೊಂದಾಗಿ ತೆರವಾಗಿರುತ್ತವೆ. ಅದೇ ಮುಂಬಯಿಯ ಕನ್ನಡಿಗರು ಮಳೆಗಾಲದ ಒಂದು ಸಂಜೆ ತಾಳಮದ್ದಳೆಯ ಕೂಟಕ್ಕೆ ಬಂದರೆ ಗಂಟೆಗಟ್ಟಲೆ ಅಲುಗಾಡದೆ ಕುಳಿತಿರುತ್ತಾರೆ. ಅಲ್ಲಿಯೂ ಪ್ರಧಾನವಾದುದು ಮಾತೇ. ಈ ವ್ಯತ್ಯಾಸದ ಕಾರಣವನ್ನು ವಿಚಾರಿಸುವುದು ಉಪನ್ಯಾಸಕರಿಗೆ ಪ್ರಯೋಜನಕರವಾದೀತು.

ತಾಳಮದ್ದಳೆಯು ಯಕ್ಷಗಾನದ ಒಂದು ಶಾಖೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿಯೂ, 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿಯೂ, ಮಲೆನಾಡಿನ ಕೆಲವು ಕಡೆಗಳಲ್ಲಿಯೂ ಇದು ಬಳಕೆಯಲ್ಲಿದೆ. ವೇಷ ಕಟ್ಟಿ ಕುಣಿಯುವುದನ್ನು ‘ಆಟ’ವೆಂದೂ, ವೇಷವೂ ಕುಣಿತವೂ ಇಲ್ಲದ ತಾಳಮದ್ದಳೆಯನ್ನು ‘ಕೂಟ’ವೆಂದೂ ಕರೆಯುವುದುಂಟು. ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಯ ವೇಳೆಗೆ ಮೇಳಗಳ ತಿರುಗಾಟ ಮುಗಿಯುತ್ತದೆ. ಅನಂತರದ ಮಳೆಗಾಲವು ಕೂಟಗಳ ಕಾಲ. ಕರಾವಳಿಯಿಂದ ಮುಂಬಯಿಗೆ ಹೋಗಿ ನೆಲೆಸಿದವರು ಈ ಕಲೆಯನ್ನೂ ಜತೆಗೆ ಒಯ್ದರು. ಕೂಟದಲ್ಲಿ ಭಾಗವತನು ಪ್ರಸಂಗದ ಪದವನ್ನು ಹಾಡುತ್ತಾನೆ. ಮದ್ದಳೆ, ಚೆಂಡೆಗಳು ಹಿಮ್ಮೇಳವಾಗುತ್ತವೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ತಾವೇ ಪಾತ್ರಗಳಾಗಿ ಆ ಪದದ ಅಭಿಪ್ರಾಯವನ್ನು ಗದ್ಯದಲ್ಲಿ ಆಶುವಾಗಿ ವಿಸ್ತರಿಸುತ್ತಾರೆ.

ಕೂಟಕ್ಕೆ ಬರುವವರಿಗೆ ಕಥೆ ಮೊದಲೇ ಗೊತ್ತು. ವಾಲಿವಧೆಯ ಪ್ರಸಂಗದಲ್ಲಿ ವಾಲಿಯು ಬೀಳುವನೋ ಇಲ್ಲವೋ ಎಂಬ ಕುತೂಹಲ ಯಾರಿಗೂ ಇಲ್ಲ. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನ್ನ ನಾಡಿಗೆ ಬಂದು ನಾನು ಮಾಡಿದ ಅಪರಾಧವೇನು? ಬೇರೊಬ್ಬನೊಡನೆ ಕಾದುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದುದು ಯಾವ ಧರ್ಮ? ರಾಮನ ಉತ್ತರವೂ ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿಯೇ ಇದೆ: ತಮ್ಮನ ಹೆಂಡತಿಯನ್ನು ಅಪಹರಿಸಿದವನು ದಂಡಾರ್ಹ; ಈ ಭೂಮಿ ಭರತನ ಆಳ್ವಿಕೆಗೆ ಒಳಪಟ್ಟುದು; ಮೃಗವನ್ನು ಮರೆಯಿಂದ ಹೊಡೆಯುವುದು ದೋಷವಲ್ಲ. ಪ್ರಶ್ನೆ ಗೊತ್ತು, ಉತ್ತರವೂ ಗೊತ್ತು. ಆದರೆ ಇಂದಿನ ವಾಲಿಯ ಮಾತಿನೆದುರು ಆ ಉತ್ತರ ನಿಲ್ಲಬಲ್ಲುದೇ ಎಂಬುದು ಗೊತ್ತಿಲ್ಲ. ಸಭೆಯನ್ನು ಹಿಡಿದು ಕೂರಿಸುವುದು ಈ ಸಂದೇಹವೇ. ಸಂಗತಿ ಹಳೆಯದಾಗಿರಬಹುದು, ಇತ್ಯರ್ಥವಾಗದ ಪ್ರಶ್ನೆಯೊಂದು ಎದುರಿಗೆ ನಿಂತಿದ್ದರೆ ಶ್ರೋತೃಗಳು ಕಾದು ಕುಳಿತಿರುತ್ತಾರೆ.

ಅರ್ಥಧಾರಿಯ ಸಿದ್ಧತೆಯೂ ಗಮನಾರ್ಹವಾದುದು. ಪ್ರಸಂಗದ ಪದಗಳು ಅವನಿಗೆ ಚೆನ್ನಾಗಿ ತಿಳಿದಿರಬೇಕು. ಪುರಾಣಗಳ ಆಧಾರಗಳು ನಾಲಗೆಯ ತುದಿಯಲ್ಲಿರಬೇಕು. ಆದರೆ ಆಡಬೇಕಾದ ವಾಕ್ಯಗಳನ್ನು ಬಾಯಿಪಾಠ ಮಾಡಿ ಬಂದರೆ ಅವನ ಕೆಲಸ ಕೆಡುತ್ತದೆ; ಎದುರಾಳಿಯ ಅನಿರೀಕ್ಷಿತ ಪ್ರಶ್ನೆಯೊಂದು ಆ ಪಾಠವನ್ನೆಲ್ಲ ನಿರುಪಯುಕ್ತಗೊಳಿಸಬಲ್ಲುದು. ಆರಂಭದ ಪೀಠಿಕೆಯಲ್ಲಿ ಪಾತ್ರ ಯಾರು, ಯಾವ ಸ್ಥಿತಿಯಲ್ಲಿದೆ, ಈಗ ಏಕೆ ಮಾತನಾಡಬೇಕಾಗಿದೆ ಎಂಬುದು ಸ್ಪಷ್ಟವಾಗಬೇಕು. ಬಳಿಕ ಪದವು ಹಾಕಿದ ಎಲ್ಲೆಯೊಳಗೆ ಮಾತು ಬೆಳೆಯಬೇಕು. ಮುಂದಿನ ಪದಕ್ಕೆ ದಾರಿಯಾಗುವಂತೆ ಮುಗಿಯಬೇಕು. ಪದವನ್ನು ಮರೆತು ಪಾಂಡಿತ್ಯವನ್ನು ಹರಡುವವನನ್ನೂ, ಎದುರಾಳಿಯನ್ನು ಸೋಲಿಸುವುದಕ್ಕಾಗಿಯೇ ವಾದ ಹೂಡುವವನನ್ನೂ ರಸಿಕರು ಮೆಚ್ಚುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅರ್ಥಧಾರಿ ಕೇಳಬಲ್ಲವನಾಗಿರಬೇಕು. ಎದುರಿನವನು ಆಡಿದ ಮಾತಿನಿಂದಲೇ ಅವನ ಮುಂದಿನ ಮಾತು ಹುಟ್ಟಬೇಕು.

ಈ ಕ್ರಮವನ್ನು ಸಂಶೋಧನ ಪ್ರಬಂಧದ ಮಂಡನೆಗೆ ಅನ್ವಯಿಸುವುದು ಕಷ್ಟವಲ್ಲ. ಪುಣೆಯ ಸಭೆಯೊಂದರಲ್ಲಿ ಕನ್ನಡ ನಾಡಿನ ಪ್ರಾಚೀನ ವಿಸ್ತಾರವನ್ನು ಕುರಿತು ಮಾತನಾಡಬೇಕಾಗಿದೆಯೆಂದು ಭಾವಿಸಬಹುದು. ಆ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹರಡಿತ್ತೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಹೇಳುವುದು ಶ್ರೋತೃಗಳಿಗೆ ತಿಳಿದ ಸಂಗತಿ. ಅದೇ ಆ ಉಪನ್ಯಾಸದ ‘ಪದ’. ಸೊಲ್ಲಾಪುರ ಜಿಲ್ಲೆಯಲ್ಲಿ ದೊರೆತ ಕನ್ನಡ ಶಾಸನಗಳನ್ನು ಪಟ್ಟಿಮಾಡುವುದಕ್ಕೆ ಮೊದಲು ಪೂರ್ವಪಕ್ಷವನ್ನು ಎತ್ತಬೇಕು: ಶಾಸನದ ಭಾಷೆ ಜನರ ಭಾಷೆಯೋ, ಆಳುವವರ ಭಾಷೆಯೋ? ಮರಾಠಿ ವಿದ್ವಾಂಸನೊಬ್ಬನು ಎದುರಿಗೆ ಕುಳಿತು ಎಷ್ಟು ಬಲವಾಗಿ ಕೇಳುವನೋ ಅಷ್ಟೇ ಬಲವಾಗಿ ಉಪನ್ಯಾಸಕನೇ ಅದನ್ನು ಕೇಳಬೇಕು. ಆಮೇಲೆ ದಾನ ಕೊಟ್ಟವರು ಅರಸರೋ, ವ್ಯಾಪಾರಿಗಳೋ, ಊರ ಒಕ್ಕಲುಗಳೋ. ದಾನಭೂಮಿಯ ಎಲ್ಲೆ ಹೇಳುವಾಗ ಬರುವ ಹಳ್ಳ, ದಿಣ್ಣೆ, ಕೆರೆಗಳ ಹೆಸರುಗಳು ಯಾವ ಭಾಷೆಯವು ಎಂದು ಒಂದೊಂದೇ ಸಾಕ್ಷ್ಯವನ್ನು ಪರಿಶೀಲಿಸುತ್ತ ಹೋದರೆ, ಪ್ರತಿಯೊಂದು ಶಾಸನವೂ ಆ ಪ್ರಶ್ನೆಗೆ ಸಂಬಂಧಿಸಿದ ಮಾತಾಗಿ ಕೇಳಿಸುತ್ತದೆ. ಆಗ ಹತ್ತು ಶಾಸನಗಳ ಬದಲು ಮೂರು ಸಾಕಾಗುತ್ತವೆ; ಉಳಿದವು ಮುದ್ರಿತ ಪ್ರಬಂಧದಲ್ಲಿರಲಿ.

ಅರ್ಥಧಾರಿಗೆ ಇರುವ ಸ್ವಾತಂತ್ರ್ಯ ಸಂಶೋಧಕನಿಗೆ ಇಲ್ಲವೆಂಬುದನ್ನೂ ಮರೆಯಲಾಗದು. ಇಂದು ವಾಲಿಯ ಪಕ್ಷವನ್ನು ವಹಿಸಿದವನು ನಾಳೆ ರಾಮನ ಪಕ್ಷವನ್ನು ಅಷ್ಟೇ ಸಮರ್ಥವಾಗಿ ವಹಿಸಬಲ್ಲನು. ಸಂಶೋಧಕನಾದರೋ ಸಾಕ್ಷ್ಯವು ಕರೆದೊಯ್ದ ಕಡೆಗೇ ಹೋಗತಕ್ಕವನು. ಶಾಸನದ ಪಾಠ, ತೇದಿ, ಅಂಕಿಗಳನ್ನು ಕಾಗದ ನೋಡಿಯೇ ಓದಬೇಕು. ಅಲ್ಲಿ ನೆನಪನ್ನು ನಂಬುವುದು ಅಪಾಯಕರ. ಅವುಗಳ ನಡುವಣ ವಿವರಣೆಯನ್ನು ಸಭೆಯ ಮುಖ ನೋಡಿ ಆಡಬೇಕು.

ಕೂಟದ ಇನ್ನೊಂದು ಕಟ್ಟಳೆಯೂ ಸ್ಮರಣೀಯ. ಅರ್ಥದಲ್ಲಿ ಇಂಗ್ಲಿಷ್ ಮಾತು ನುಸುಳಬಾರದು. ಕರಾವಳಿಯ ಅರ್ಥಧಾರಿಗಳಲ್ಲಿಯೂ ಶ್ರೋತೃಗಳಲ್ಲಿಯೂ ಅನೇಕರ ಮನೆಮಾತು ತುಳು ಅಥವಾ ಕೊಂಕಣಿ. ಆದರೂ ಶಾಲೆಯಲ್ಲಿ ಹೆಚ್ಚು ಕಲಿಯದವರು ಸಹ ಪ್ರೌಢವಾದ ಕನ್ನಡವನ್ನು ಆಟ-ಕೂಟಗಳಲ್ಲಿ ಕೇಳಿ ಕೇಳಿಯೇ ತಮ್ಮದಾಗಿಸಿಕೊಂಡರು. ಹೊರನಾಡಿನ ಕನ್ನಡಿಗರ ಮಕ್ಕಳಲ್ಲಿ ಹಲವರಿಗೆ ಕನ್ನಡ ಲಿಪಿ ಬಾರದು. ಮುದ್ರಿತ ಪ್ರಬಂಧ ಅವರನ್ನು ತಲಪಲಾರದು. ಮನೆಯಲ್ಲಿ ಅವರು ಕೇಳುವ ಕನ್ನಡ ಊಟ ತಿಂಡಿಗಳ, ಕ್ಷೇಮಸಮಾಚಾರದ ಕನ್ನಡ. ವಾದ ಹೂಡಬಲ್ಲ, ಸಂದೇಹಪಡಬಲ್ಲ, ಸಿದ್ಧಾಂತವನ್ನು ಸ್ಥಾಪಿಸಬಲ್ಲ ಕನ್ನಡ ಅವರ ಕಿವಿಗೆ ಬೀಳುವ ಸ್ಥಳ ಎಷ್ಟೋ ವೇಳೆ ಸಂಘದ ಸಭಾಂಗಣವೊಂದೇ. ಆದುದರಿಂದ ಪ್ರಬಂಧವನ್ನು ಬರೆಯುವುದಕ್ಕೆ ಕೊಟ್ಟಷ್ಟೇ ಶ್ರದ್ಧೆಯನ್ನು ಅದನ್ನು ಹೇಳುವುದಕ್ಕೂ ಕೊಡುವುದು ವಿದ್ವಾಂಸನ ಕರ್ತವ್ಯದೊಳಗೇ ಸೇರಿದೆ.