ಪರಮಾಣು ಸ್ಥಾವರವೂ ನಮ್ಮ ಕಾರ್ಖಾನೆಗಳೂ

ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಳೀನದಿಯ ದಡದ ಮೇಲೆ ಕೈಗಾ ಎಂಬ ಸ್ಥಳವಿರುವುದನ್ನೂ, ಅಲ್ಲಿ ಪರಮಾಣುಶಕ್ತಿಯಿಂದ ವಿದ್ಯುತ್ತನ್ನು ಪಡೆಯುವ ನಾಲ್ಕು ಘಟಕಗಳಿರುವುದನ್ನೂ ವಾಚಕರು ಬಲ್ಲರು. ಒಂದೊಂದು ಘಟಕವೂ 220 ಮೆಗಾವ್ಯಾಟ್ ಶಕ್ತಿಯದು. ಅವುಗಳ ಪಕ್ಕದಲ್ಲಿಯೇ ತಲಾ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳನ್ನು ಕಟ್ಟಲು ಕೇಂದ್ರ ಸರಕಾರವು 2017ರ ಮೇ ತಿಂಗಳಲ್ಲಿ ಒಪ್ಪಿಗೆಯಿತ್ತಿತು. ದೇಶದ ಬೇರೆ ಬೇರೆ ಕಡೆ ಕಟ್ಟತಕ್ಕ ಹತ್ತು ಘಟಕಗಳಿಗೆ ಒಮ್ಮೆಗೇ ದೊರೆತ ಮಂಜೂರಾತಿಯಲ್ಲಿ ಇವೆರಡೂ ಸೇರಿವೆ. ಇಂತಹ ಸುದ್ದಿ ಬಂದಾಗ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಗಳು ಎರಡು. ಅಪಾಯವಿಲ್ಲವೆ ಎಂಬುದೊಂದು, ನಮ್ಮ ಹುಡುಗನಿಗೆ ಅಲ್ಲೊಂದು ನೌಕರಿ ಸಿಕ್ಕೀತೆ ಎಂಬುದಿನ್ನೊಂದು. ಮೂರನೆಯದೊಂದು ಪ್ರಶ್ನೆಯುಂಟು, ಅದನ್ನು ಕೇಳುವವರು ಕಡಮೆ. ಅಷ್ಟು ದೊಡ್ಡ ಯಂತ್ರಾಗಾರದ ಕೊಳವೆ, ಕವಾಟ, ತಿರುಪು, ತೊಟ್ಟಿಗಳನ್ನೆಲ್ಲ ಮಾಡಿಕೊಡುವವರು ಯಾರು? ಬೆಳಗಾವಿಯ ಎರಕದ ಕಾರ್ಖಾನೆಗಳೂ ಬೆಂಗಳೂರಿನ ಪೀಣ್ಯದ ಲೇತುಗಳೂ ಅದಕ್ಕೆ ಸಿದ್ಧವಾಗಿವೆಯೆ? ಸಿದ್ಧವಾಗುವುದೆಂದರೆ ಏನು? ಮೊದಲಿನ ಎರಡು ಪ್ರಶ್ನೆಗಳಿಗೂ ಉತ್ತರವು ಬಹುಮಟ್ಟಿಗೆ ಈ ಮೂರನೆಯದರಲ್ಲಿಯೇ ಅಡಗಿದೆಯೆಂದು ನಮ್ಮ ಭಾವನೆ.

ಶಬ್ದರೂಪಗಳನ್ನೂ ಅಮರಕೋಶವನ್ನೂ ಹೇಳಿಕೊಟ್ಟು ಕಾಲ ಕಳೆದ ನಮಗೆ ಯಂತ್ರಗಳ ಗೊಡವೆಯೇಕೆಂದು ಯಾರಾದರೂ ಕೇಳಬಹುದು. ಪರಮಾಣುವೆಂಬ ಮಾತು ನಮ್ಮ ಶಾಸ್ತ್ರದ್ದೇ ಅಷ್ಟೆ! ಕಣಾದಮಹರ್ಷಿಯು ಅಣುವಿನ ವಿಚಾರವನ್ನು ಹೇಳಿದನೆಂಬುದು ನಿಜ. ಆದುದರಿಂದ ಅವನಿಗೆ ಪರಮಾಣು ಸ್ಥಾವರವೂ ತಿಳಿದಿತ್ತೆಂದು ವಾದಿಸುವವರ ಗುಂಪಿಗೆ ನಾವು ಸೇರಿದವರಲ್ಲ. ನಮ್ಮ ಕುತೂಹಲಕ್ಕೆ ಕಾರಣ ಬೇರೆ. ಈ ವಿದ್ಯೆಯನ್ನು ದೇಶದ ಕಾರ್ಖಾನೆಗಳಿಗೆ ಕಲಿಸಿದ ಕಥೆಯಲ್ಲಿ ಪಾಠಶಾಲೆಯ ಲಕ್ಷಣಗಳೆಲ್ಲ ಇವೆ.

ಮುಂಬಯಿಗೆ ಉತ್ತರದಲ್ಲಿರುವ ತಾರಾಪುರದ ಮೊದಲ ಎರಡು ಘಟಕಗಳನ್ನು ಅಮೆರಿಕದ ಕಂಪೆನಿಯೊಂದು ಪೂರ್ತಿಯಾಗಿ ತಾನೇ ಕಟ್ಟಿ ಬೀಗದಕೈಯನ್ನು ನಮ್ಮವರ ಕೈಗಿತ್ತಿತು. ಅವು 1969ರಲ್ಲಿ ಕೆಲಸಕ್ಕೆ ತೊಡಗಿದುವು. ಅಲ್ಲಿ ನಾವು ಕೊಂಡವರೇ ಹೊರತು ಮಾಡಿದವರಲ್ಲ. ರಾಜಸ್ಥಾನದ ರಾವತಭಾಟಾದಲ್ಲಿ ಕೆನಡಾ ದೇಶದ ನೆರವಿನಿಂದ ಕಟ್ಟಲಾರಂಭಿಸಿದಾಗ ಕ್ರಮ ಬದಲಾಯಿತು. ಮೊದಲನೆಯ ಘಟಕದಲ್ಲಿ ಸುಮಾರು ಅರ್ಧದಷ್ಟು ಪದಾರ್ಥವೂ, ಎರಡನೆಯದರಲ್ಲಿ ಮುಕ್ಕಾಲಿನಷ್ಟೂ ದೇಶದ್ದೇ ಆಗುವಂತೆ ಏರ್ಪಡಿಸಿದರು. 1974ರ ಮೇ 18ರಂದು ಪೋಖರಣದಲ್ಲಿ ಭಾರತವು ಪರಮಾಣು ಪರೀಕ್ಷೆಯನ್ನು ನಡೆಯಿಸಿದ ಮೇಲೆ ಕೆನಡಾದವರು ಸಹಾಯವನ್ನು ನಿಲ್ಲಿಸಿಬಿಟ್ಟರು. ಗುರುವು ಅರ್ಧಪಾಠದಲ್ಲಿ ಎದ್ದುಹೋದಂತಾಯಿತು. ಎರಡನೆಯ ಘಟಕವನ್ನು ನಮ್ಮವರೇ ಮುಗಿಸಬೇಕಾಗಿ ಬಂದು, ಅದು 1981ರಲ್ಲಿ ಸೇವೆಗೆ ಸಿದ್ಧವಾಯಿತು. ಮದರಾಸಿನ ಬಳಿಯ ಕಲ್ಪಾಕಂ ಸ್ಥಾವರದ ಮೊದಲ ಘಟಕವಂತೂ 1971ರಲ್ಲಿ ಆರಂಭವಾಗಿ 1984ರ ಜನವರಿಯಲ್ಲಿ ಸೇವೆಗೆ ಬಂದಿತು. ಹದಿಮೂರು ವರ್ಷ! ಈ ವಿಳಂಬವನ್ನು ಹಳಿದವರು ಅನೇಕರು. ಅದರಲ್ಲಿ ಎಷ್ಟು ಕಾಲ ಕಟ್ಟುವುದಕ್ಕೆ, ಎಷ್ಟು ಕಾಲ ಕಲಿಯುವುದಕ್ಕೆ ಸಂದಿತೆಂಬುದನ್ನು ಅವರು ಎಣಿಸಲಿಲ್ಲ.

ಆ ಕಾಲದಲ್ಲಿ ಈ ಕೆಲಸದ ಮುಂಚೂಣಿಯಲ್ಲಿದ್ದವರಲ್ಲಿ ಒಬ್ಬರು ನಮ್ಮ ನಾಡಿನವರೇ ಆದ ಡಾಕ್ಟರ್ ಎಂ. ಆರ್. ಶ್ರೀನಿವಾಸನ್. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರಿನ ಇಂಟರ್‌ಮೀಡಿಯೆಟ್ ಕಾಲೇಜಿನಲ್ಲಿ ವಿಜ್ಞಾನದೊಡನೆ ಸಂಸ್ಕೃತವನ್ನು ಓದಿ, ಬೆಂಗಳೂರಿನಲ್ಲಿ ಇಂಜನಿಯರಿಂಗ್ ಪದವಿ ಪಡೆದವರು. 1955ರಲ್ಲಿ ಪರಮಾಣುಶಕ್ತಿ ಇಲಾಖೆಯನ್ನು ಸೇರಿ, ಕಲ್ಪಾಕಂ ಯೋಜನೆಯ ಮುಖ್ಯ ಇಂಜನಿಯರಾಗಿ, 1987ರಲ್ಲಿ ಪರಮಾಣುಶಕ್ತಿ ಆಯೋಗದ ಅಧ್ಯಕ್ಷರಾದರು. 2025ರ ಮೇ ತಿಂಗಳಲ್ಲಿ ಉದಕಮಂಡಲದಲ್ಲಿ ತೀರಿಕೊಂಡರು. ಸಂಸ್ಕೃತವನ್ನೋದಿದ ಹುಡುಗರು ಯಾವ ಲೌಕಿಕಕ್ಕೂ ಒದಗುವುದಿಲ್ಲವೆನ್ನುವವರಿಗೆ ಈ ಮಾತನ್ನು ಹೇಳಿಡುತ್ತೇವೆ.

ಈ ಪಾಠಕ್ಕೆ ಕುಳಿತ ಶಿಷ್ಯರು ಯಾರೆಂಬುದನ್ನು ನೋಡಿದರೆ ಗೃಹಿಣಿಯರಿಗೆ ನಗು ಬಂದೀತು. ಮುಂಬಯಿಯ ಲಾರ್ಸೆನ್ ಅಂಡ್ ಟೂಬ್ರೊ ಕಂಪೆನಿಯು 1938ರಲ್ಲಿ ಇಬ್ಬರು ಡೇನರು ಹುಟ್ಟುಹಾಕಿದ್ದು. ಮೊದಲಿಗೆ ಅವರು ತಮ್ಮ ದೇಶದಿಂದ ಹಾಲಿನ ಕೇಂದ್ರಗಳ ಯಂತ್ರಗಳನ್ನು ತರಿಸಿ ಮಾರುತ್ತಿದ್ದರು. ಪುಣೆ ಜಿಲ್ಲೆಯ ವಾಲ್ಚಂದನಗರದ ಕಾರ್ಖಾನೆಯು ಸಕ್ಕರೆಯ ಗಿರಣಿಗಳಿಗೆ ಯಂತ್ರಗಳನ್ನು ಮಾಡಿಕೊಡುತ್ತಿದ್ದುದು. ಅದರ ಮೂಲಪುರುಷರಾದ ವಾಲ್ಚಂದ್ ಹೀರಾಚಂದರೇ 1940ರಲ್ಲಿ ಮೈಸೂರು ಸರಕಾರದೊಡನೆ ಸೇರಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ತೆರೆದವರು. ಹೀಗೆ ಹಾಲಿನವರೂ ಸಕ್ಕರೆಯವರೂ ಕಲಿತು ಮಾಡಿದ ವಸ್ತುವಾದರೂ ಏನು? ಕಲಾಂಡ್ರಿಯ ಎಂಬ ಪಾತ್ರೆ. 220 ಮೆಗಾವ್ಯಾಟಿನ ಘಟಕದಲ್ಲಿ ಅದು ಮಗ್ಗುಲಾಗಿ ಮಲಗಿಸಿದ, ಸುಮಾರು 6 ಮೀಟರು ವ್ಯಾಸದ ಉಕ್ಕಿನ ಹಂಡೆ. ಅದರೊಳಗೆ ಭಾರಜಲ ತುಂಬಿರುತ್ತದೆ. ಹಂಡೆಯ ಒಂದು ಮುಖದಿಂದ ಇನ್ನೊಂದು ಮುಖಕ್ಕೆ 306 ಕೊಳವೆಗಳು ಹಾಯುತ್ತವೆ; ಅವುಗಳೊಳಗೆ ಯುರೇನಿಯಮ್ಮಿನ ಕಟ್ಟುಗಳು. ಎರಡೂ ಕಡೆ ದಪ್ಪನಾದ ಕವಚಗಳುಂಟು. ಈ ಕಡೆಯ ಕವಚದ 306 ರಂಧ್ರಗಳು ಆ ಕಡೆಯ 306 ರಂಧ್ರಗಳಿಗೆ ಕೂದಲೆಳೆಯ ಅಂತರವೂ ತಪ್ಪದಂತೆ ನೇರವಾಗಿರಬೇಕು. ಒಮ್ಮೆ ಸ್ಥಾವರ ನಡೆಯತೊಡಗಿದ ಮೇಲೆ ಮನುಷ್ಯನು ಅದರ ಬಳಿ ಹೋಗಿ ಸರಿಮಾಡುವಂತಿಲ್ಲ. ಹತ್ತಾರು ವರ್ಷ ಅದು ಹಾಗೆಯೇ ಇರತಕ್ಕದ್ದು. ಕೈಗಾದ ಹೊಸ ಘಟಕಗಳಲ್ಲಿ ಈ ಕೊಳವೆಗಳ ಸಂಖ್ಯೆ 392.

ಹೀಗಿರಲು, ಶಿಷ್ಯನಿಗೆ ಮೊದಲು ಕಲಿಸಬೇಕಾದುದು ಕೈಚಳಕವೆಂದು ವಾಚಕರು ಊಹಿಸಬಹುದು. ಹಾಗಲ್ಲ. ನಮ್ಮ ಕೆಲಸಗಾರರಿಗೆ ಕೈಚಳಕದ ಬಡತನ ಎಂದೂ ಇರಲಿಲ್ಲ. ಕಲಿಯಬೇಕಾದುದು ಪ್ರಮಾಣ.

ಪ್ರಮಾಣವೆಂಬ ಈ ಶಬ್ದಕ್ಕೆ ಕನ್ನಡದಲ್ಲಿ ಅಳತೆಯೆಂದೂ ಅರ್ಥ, ಸಾಕ್ಷ್ಯವೆಂದೂ ಅರ್ಥ, ಆಣೆಯೆಂದೂ ಅರ್ಥ. ಪರಮಾಣು ಸ್ಥಾವರಕ್ಕೆ ಒಂದು ಕವಾಟವನ್ನು ಒಪ್ಪಿಸುವವನು ಮೂರನ್ನೂ ಕೂಡಿಸಿ ಒಪ್ಪಿಸಬೇಕು. ಅಳತೆ ಸರಿಯಾಗಿದ್ದರೆ ಸಾಲದು. ಈ ಉಕ್ಕು ಯಾವ ಕುಲುಮೆಯಲ್ಲಿ, ಯಾವ ಕರಗಿಸುವಿಕೆಯಲ್ಲಿ ಹುಟ್ಟಿತು, ಅದರಲ್ಲಿ ಇಂಗಾಲವೆಷ್ಟು, ಗಂಧಕವೆಷ್ಟು, ಯಾವ ಬೆಸುಗೆಗಾರನು ಯಾವ ದಿನ ಯಾವ ಕಡ್ಡಿಯಿಂದ ಬೆಸೆದನು, ಬಿಸಿಮಾಡಿ ಆರಿಸಿದ್ದು ಎಷ್ಟು ಹೊತ್ತು, ಇವೆಲ್ಲ ಬರವಣಿಗೆಯಲ್ಲಿರಬೇಕು. ಉಕ್ಕಿನ ಹಲಗೆಯನ್ನು ಎರಡಾಗಿ ಕತ್ತರಿಸುವ ಮುನ್ನ ಅದರ ಮೇಲಿನ ಗುರುತನ್ನು ಎರಡನೆಯ ತುಂಡಿನ ಮೇಲೂ ಒತ್ತಬೇಕು. ಗುರುತು ತಪ್ಪಿದ ತುಂಡು ಎಷ್ಟೇ ಒಳ್ಳೆಯದಾದರೂ ತಾಯಿತಂದೆಯರಿಲ್ಲದ ಮಗುವಿನಂತೆ ಹೊರಗುಳಿಯುತ್ತದೆ. ಕೆಲವು ಹಂತಗಳಲ್ಲಿ ಪರೀಕ್ಷಕನು ಬಂದು ನೋಡಿ ರುಜು ಹಾಕುವ ತನಕ ಮುಂದಿನ ಕೆಲಸವನ್ನು ಮುಟ್ಟುವಂತಿಲ್ಲ.

ನ್ಯಾಯಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದ ಮುಂತಾದ ಪ್ರಮಾಣಗಳನ್ನು ಹೇಳಿದೆಯಷ್ಟೆ. ಪರೀಕ್ಷಕನು ಬೆಸುಗೆಯನ್ನು ಕಣ್ಣಿಂದ ನೋಡುವುದು ಪ್ರತ್ಯಕ್ಷ. ಲೋಹದ ಒಳಗಿನ ಬಿರುಕು ಕಣ್ಣಿಗೆ ಕಾಣದು. ವೈದ್ಯರು ಎಲುಬನ್ನು ನೋಡುವ ಹಾಗೆ ಕಿರಣವನ್ನು ಹಾಯಿಸಿ ಚಿತ್ರ ತೆಗೆದೋ, ಕಿವಿಗೆ ಕೇಳಿಸದ ಶಬ್ದದ ಅಲೆಯನ್ನು ಕಳುಹಿಸಿ ಅದರ ಮರುದನಿಯನ್ನು ಅಳೆದೋ ತಿಳಿಯುವುದು ಅನುಮಾನ. ಉಕ್ಕನ್ನು ಮಾಡಿದವನು ಕೊಟ್ಟ ಪತ್ರವನ್ನು ನಂಬುವುದು ಶಬ್ದಪ್ರಮಾಣ; ಹೇಳಿದವನು ಆಪ್ತನಾಗಿದ್ದರೆ ಮಾತ್ರ ಅದಕ್ಕೆ ಬೆಲೆ. ಆಡುಗನ್ನಡದಲ್ಲಿ ಅನುಮಾನವೆಂದರೆ ಸಂದೇಹ. ಪರೀಕ್ಷಕನಿಗೆ ಶಾಸ್ತ್ರದ ಅರ್ಥವೂ ಬೇಕು, ಆಡುಮಾತಿನ ಅರ್ಥವೂ ಬೇಕು.

ಇದೆಲ್ಲ ಬರಿಯ ಕಾಗದದ ಜಂಜಾಟವೆಂದು ಗೊಣಗುವ ಕಾರ್ಖಾನೆಯವರುಂಟು. ಅವರು ಎರಡು ಸಂಗತಿಗಳನ್ನು ನೆನೆಯಬೇಕು. ಉತ್ತರ ಪ್ರದೇಶದ ನರೋರಾದಲ್ಲಿ 1993ರ ಮಾರ್ಚ್ 31ರಂದು ಮೊದಲನೆಯ ಘಟಕದ ಟರ್ಬೈನಿನ ಎರಡು ಅಲಗುಗಳು ಮುರಿದು ಹಾರಿದುವು. ಅದರಿಂದ ಯಂತ್ರವು ಅದುರಿ, ತಂಪಿಗಾಗಿ ಇದ್ದ ಜಲಜನಕವು ಹೊರಬಿದ್ದು, ಬೆಂಕಿ ಹತ್ತಿ, ತಂತಿಗಳೆಲ್ಲ ಸುಟ್ಟುವು. ಹದಿನೇಳು ಗಂಟೆಗಳ ಕಾಲ ಘಟಕಕ್ಕೆ ವಿದ್ಯುತ್ತೇ ಇರಲಿಲ್ಲ. ಕೆಲಸಗಾರರ ಧೈರ್ಯದಿಂದ ವಿಕಿರಣವು ಹೊರಗೆ ಬರಲಿಲ್ಲ. ಮುರಿದದ್ದು ರಿಯಾಕ್ಟರಿನ ಭಾಗವಲ್ಲ. ಯಾವ ವಿದ್ಯುದಾಗಾರದಲ್ಲಿಯೂ ಇರುವ ಟರ್ಬೈನಿನ ಎರಡು ಅಲಗು. ಮರುವರ್ಷ, 1994ರ ಮೇ ತಿಂಗಳಲ್ಲಿ, ನಮ್ಮ ಕೈಗಾದಲ್ಲಿಯೇ, ಇನ್ನೂ ಕಟ್ಟುತ್ತಿದ್ದ ಮೊದಲನೆಯ ಘಟಕದ ಗುಮ್ಮಟದ ಒಳಪದರವು ಸೀಳಿ, ನೂರಕ್ಕೂ ಹೆಚ್ಚು ಟನ್ನು ಕಾಂಕ್ರೀಟು ಕೆಳಗೆ ಬಿದ್ದಿತು. ಇಂಧನವನ್ನು ಇನ್ನೂ ತುಂಬಿರಲಿಲ್ಲವಾದ್ದರಿಂದ ಅನರ್ಥ ಅಷ್ಟಕ್ಕೇ ನಿಂತಿತು. ಗುಮ್ಮಟದ ರಚನೆಯನ್ನು ಮತ್ತೆ ಮೊದಲಿನಿಂದ ಆಲೋಚಿಸಿ, ಹೆಚ್ಚು ಗಟ್ಟಿಯಾದ ಕಾಂಕ್ರೀಟಿನಿಂದ ಕಟ್ಟಿದರು. ಆ ಘಟಕ ಸೇವೆಗೆ ಬಂದದ್ದು 2000ದ ನವೆಂಬರಿನಲ್ಲಿ. ಅದೇ ಘಟಕವು ಮುಂದೆ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ಮಟ್ಟಿಗೆ ಲೋಕದಲ್ಲಿಯೇ ಮೊದಲನೆಯದೆನಿಸಿತು. ಕೆನಡಾದ ಘಟಕವೊಂದು ಆ ಮೇಲೆ ಅದನ್ನು ಮೀರಿಸಿದೆ.

ಕೈಗಾ ಸ್ಥಾವರವೇ ಬೇಡವೆಂದು ಶಿವರಾಮ ಕಾರಂತರಂತಹ ಹಿರಿಯರು ಹೋರಾಡಿದುದನ್ನು ನಾವು ಮರೆತಿಲ್ಲ. ಆ ಚರ್ಚೆಗೆ ಇದು ಸ್ಥಳವಲ್ಲ. ಬೇಕೆಂದವರೂ ಬೇಡವೆಂದವರೂ ಒಪ್ಪುವ ಮಾತೊಂದಿದೆ: ಕಟ್ಟಿದ ಮೇಲೆ ಅದರ ಒಂದೊಂದು ತಿರುಪೂ ಸಾಚಾ ಆಗಿರಬೇಕು.

ಇನ್ನು ಶುಚಿಯ ವಿಷಯ. ತುಕ್ಕು ಹಿಡಿಯದ ಉಕ್ಕಿನ ಕೆಲಸ ನಡೆಯುವ ಅಂಗಳವನ್ನು ಸಾಧಾರಣ ಕಬ್ಬಿಣದ ಕೆಲಸದಿಂದ ಬೇರ್ಪಡಿಸಿರಬೇಕು. ಕಬ್ಬಿಣವನ್ನುಜ್ಜಿದ ಕುಂಚವನ್ನಾಗಲಿ ಅರವನ್ನಾಗಲಿ ಅಲ್ಲಿಗೆ ತರಕೂಡದು. ಕಬ್ಬಿಣದ ಸಣ್ಣ ಕಣ ಅಂಟಿಕೊಂಡರೂ ಅಲ್ಲಿಂದ ತುಕ್ಕು ಮೊದಲಾಗುತ್ತದೆ. ಬೆವರಿನಲ್ಲಿರುವ ಉಪ್ಪು ಕೂಡ ಆ ಉಕ್ಕಿಗೆ ಶತ್ರುವಾದುದರಿಂದ ಬರಿಗೈಯಿಂದ ಮುಟ್ಟುವಂತಿಲ್ಲ. ಗುರುತು ಹಾಕುವ ಶಾಯಿಗೂ ನಿಯಮವುಂಟು. ನಮ್ಮ ಅಜ್ಜಿಯರು ಉಪ್ಪಿನಕಾಯಿಯ ಭರಣಿಗೆ ಒದ್ದೆ ಸೌಟು ತಾಗದಂತೆ ನೋಡಿಕೊಳ್ಳುತ್ತಿದ್ದ ಮಡಿಯನ್ನು ನೆನೆಯಿರಿ, ಅದೇ ಇದು. ಈ ಮಡಿಗೆ ಯಾರ ಹುಟ್ಟಿನ ಗೊಡವೆಯೂ ಇಲ್ಲ, ಕೈ ಶುದ್ಧವಾಗಿದ್ದರಾಯಿತು.

ಸಣ್ಣ ಕಾರ್ಖಾನೆಯವನು ಇಷ್ಟನ್ನೂ ಒಂದೇ ದಿನದಲ್ಲಿ ಹೊರಲಾರನು, ಹೊರಬೇಕಾದುದೂ ಇಲ್ಲ. ಸ್ಥಾವರದ ವಸ್ತುಗಳನ್ನು ಸುರಕ್ಷತೆಯ ದೃಷ್ಟಿಯಿಂದ ದರ್ಜೆಗಳಾಗಿ ವಿಂಗಡಿಸಿರುತ್ತಾರೆ. ಕಾಂಕ್ರೀಟಿನಲ್ಲಿ ಹುದುಗಿಸುವ ಉಕ್ಕಿನ ಹಲಗೆಗಳು, ಕೊಳವೆಗಳಿಗೆ ಆಸರೆ, ತಂತಿಗಳನ್ನಿಡುವ ತಟ್ಟೆಗಳು, ಗಾಳಿಯ ಕಾಲುವೆಗಳು, ಬಾಗಿಲುಗಳು, ಇವು ಸಾವಿರಗಟ್ಟಲೆ ಬೇಕು. ಇಂತಹವುಗಳಿಂದ ಮೊದಲುಮಾಡಿ, ಲೆಕ್ಕಪತ್ರಗಳ ಅಭ್ಯಾಸವನ್ನು ಗಳಿಸಿ, ಮೇಲಿನ ದರ್ಜೆಗೆ ಏರುವುದು ಜಾಣತನ. ದೊಡ್ಡ ಕಂಪೆನಿಗೆ ಉಪಗುತ್ತಿಗೆಯಲ್ಲಿ ಮಾಡಿಕೊಡುವುದೂ ಒಂದು ದಾರಿ. ಆದರೆ ಅಲ್ಲಿ ಹಣ ತಡವಾಗಿ ಬರುವುದೆಂಬ ದೂರು ಹಳೆಯದು. ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕೆಂದು 2006ರ ಕಾಯಿದೆ ಹೇಳುತ್ತದೆ. ಕಾಯಿದೆಯನ್ನು ಓದಿ ತೋರಿಸುವ ಸಣ್ಣವನಿಗೆ ಮುಂದಿನ ಸಲ ಕೆಲಸ ದೊರೆಯುವುದೇ ಎಂಬುದು ಬೇರೆ ಮಾತು. ಅಪಘಾತವಾದಲ್ಲಿ ಸಾಮಾನು ಒದಗಿಸಿದವನ ಮೇಲೂ ಹೊಣೆ ಬೀಳಬಹುದೆಂದು 2010ರ ಕಾಯಿದೆ ಹೇಳಿದಾಗ ಅನೇಕರು ಹಿಂಜರಿದರು. ಅದಕ್ಕಾಗಿ 2015ರಲ್ಲಿ 1500 ಕೋಟಿ ರೂಪಾಯಿಗಳ ವಿಮಾನಿಧಿಯನ್ನು ಏರ್ಪಡಿಸಬೇಕಾಯಿತು.

ಇವೆಲ್ಲಕ್ಕಿಂತ ದೊಡ್ಡ ಕಂಟಕವೊಂದಿದೆ. ಅದು ಬಿಡುವು. ಕೈಗಾದ ನಾಲ್ಕನೆಯ ಘಟಕ ಸೇವೆಗೆ ಬಂದದ್ದು 2011ರ ಜನವರಿಯಲ್ಲಿ. ಮುಂದಿನ ಎರಡಕ್ಕೆ ಮಂಜೂರಾತಿ ದೊರೆತದ್ದು 2017ರಲ್ಲಿ. ಮಂಜೂರಾತಿಯಿಂದ ನೆಲವನ್ನಗೆಯುವುದಕ್ಕೆ ಮತ್ತೆ ಕೆಲವು ವರ್ಷ. ಸಾಲಮಾಡಿ ಯಂತ್ರವನ್ನು ಕೊಂಡು, ಹುಡುಗರಿಗೆ ಕಲಿಸಿ, ಶುಚಿಯಾದ ಅಂಗಳವನ್ನು ಕಟ್ಟಿದವನು ಅಷ್ಟು ಕಾಲ ಏನನ್ನು ತಿಂದು ಬದುಕಬೇಕು? ಅವನು ಪಂಪುಸೆಟ್ಟಿನ ಕೆಲಸಕ್ಕೋ ಮೋಟಾರು ಗಾಡಿಗಳ ಬಿಡಿಭಾಗಕ್ಕೋ ಹಿಂದಿರುಗುತ್ತಾನೆ, ಕಲಿತದ್ದು ಮರೆತುಹೋಗುತ್ತದೆ. ಹತ್ತು ಘಟಕಗಳನ್ನು ಒಟ್ಟಿಗೆ ಮಂಜೂರು ಮಾಡಿದುದರ ಉದ್ದೇಶಗಳಲ್ಲಿ ಈ ಕೇಡನ್ನು ತಪ್ಪಿಸುವುದೂ ಒಂದು. ಒಂದೇ ನಕ್ಷೆಯ ಕವಾಟವನ್ನು ಸಾಲುಸಾಲಾಗಿ ಮಾಡುವವನಿಗೆ ಎರಡನೆಯದು ಮೊದಲನೆಯದಕ್ಕಿಂತ ಸುಲಭವಾಗಿಯೂ ಅಗ್ಗವಾಗಿಯೂ ಬರುತ್ತದೆ. 2047ರ ವೇಳೆಗೆ ಒಂದು ಲಕ್ಷ ಮೆಗಾವ್ಯಾಟ್ ಪರಮಾಣು ವಿದ್ಯುತ್ತೆಂದು 2025ರ ಫೆಬ್ರವರಿಯ ಆಯವ್ಯಯದಲ್ಲಿ ಸರಕಾರವು ಸಾರಿದೆ. ಗುರಿ ದೊಡ್ಡದಾಗಿರುವುದಕ್ಕಿಂತಲೂ ಆದೇಶಗಳು ವರ್ಷವರ್ಷವೂ ತಪ್ಪದೆ ಬರುವುದು ಕಾರ್ಖಾನೆಯವನಿಗೆ ಮುಖ್ಯ.

ಮಗನನ್ನು ಬೆಸುಗೆಯ ಕೆಲಸಕ್ಕೆ ಹಾಕಿರುವ ತಾಯಂದಿರು ಈ ಪುಟವನ್ನು ಓದುತ್ತಿದ್ದರೆ ಅವರಿಗೊಂದು ಸಂಗತಿ ತಿಳಿದಿರಲಿ. ಇಂತಹ ಕೆಲಸದಲ್ಲಿ ಬೆಸುಗೆಗಾರನು ತುಂಡುಗಳನ್ನು ಬೆಸೆದು ತೋರಿಸಿ ಪರೀಕ್ಷೆಯಲ್ಲಿ ಉತ್ತೀರ್ಣನಾಗಬೇಕು. ಅವನ ಹೆಸರಿಗೊಂದು ಅಂಕಿಯನ್ನು ಕೊಟ್ಟು, ಅವನು ಬೆಸೆದ ಪ್ರತಿಯೊಂದು ಕೀಲಿನ ಬಳಿಯೂ ಅದನ್ನು ನಮೂದಿಸುತ್ತಾರೆ. ಆ ಅರ್ಹತೆ ಶಾಶ್ವತವಲ್ಲ. ಅದೇ ವಿಧಾನದ ಬೆಸುಗೆಯನ್ನು ಆರು ತಿಂಗಳು ಮಾಡದೆ ಬಿಟ್ಟರೆ ಅದು ತಾನಾಗಿ ಕಳೆದುಹೋಗುತ್ತದೆ. ಹುಡುಗನು ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಬೇಕು. ಕೈಗಾದ ನಾಲ್ಕನೆಯ ಘಟಕಕ್ಕೂ ಐದನೆಯದರ ಮಂಜೂರಾತಿಗೂ ನಡುವೆ ಹಾಗೆ ಹನ್ನೆರಡು ಆರು ತಿಂಗಳುಗಳು ಕಳೆದಿದ್ದುವು.