ಬೆಳ್ಳಿಬೆಟ್ಟದ ತಾಯಿ

ಬೊಲಿವಿಯಾ ದೇಶದ ಪೊಟೊಸಿ ನಗರ ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಹಳೆಯ ಟಂಕಸಾಲೆಯ ಸಂಗ್ರಹಾಲಯದಲ್ಲಿ 18ನೇ ಶತಮಾನದ ಒಂದು ವರ್ಣಚಿತ್ರವಿದೆ. ಅದರಲ್ಲಿ ಏಸುವಿನ ತಾಯಿ ಮೇರಿಯ ಮುಖ ಮತ್ತು ಕೈಗಳಷ್ಟೇ ಕಾಣುತ್ತವೆ. ಉಡುಪಿನ ಜಾಗದಲ್ಲಿರುವುದು ಊರಿನ ಬೆಳ್ಳಿಬೆಟ್ಟ, ಸೆರ್ರೊ ರಿಕೊ. ಎಡಬಲಗಳಲ್ಲಿ ಇಂಕಾ ಜನರು ಪೂಜಿಸುತ್ತಿದ್ದ ಸೂರ್ಯ, ಚಂದ್ರರು.

ಮೇರಿಗೆ ಬೆಟ್ಟದ ಮೈ ಏಕೆ? ಆಂಡೀಸ್ ಪರ್ವತವಾಸಿಗಳಿಗೆ ಭೂಮಿಯೇ ತಾಯಿ, ಪಚಮಾಮಾ, ಶಿಖರಗಳೂ ದೇವತೆಗಳೇ. 16ನೇ ಶತಮಾನದಲ್ಲಿ ಬಂದ ಸ್ಪೇನಿನವರು ಈ ಪೂಜೆಗಳನ್ನು ನಿಷೇಧಿಸಿ ಕ್ಯಾಥೊಲಿಕ್ ಧರ್ಮವನ್ನು ಹೇರಿದರು. 1545ರಲ್ಲಿ ಇಲ್ಲಿ ಬೆಳ್ಳಿ ಸಿಕ್ಕಿತು. 1570ರ ದಶಕದಲ್ಲಿ 'ಮಿತಾ' ಎಂಬ ಕಡ್ಡಾಯ ದುಡಿಮೆ ಜಾರಿಗೆ ಬಂದು, ಹಳ್ಳಿಗಳ ಗಂಡಸರು ಸರದಿಯಂತೆ ಗಣಿಗೆ ಇಳಿಯಬೇಕಾಯಿತು. ಅನೇಕರು ಮನೆಗೆ ಮರಳಲಿಲ್ಲ.

ಇಂದಿಗೂ ಅಲ್ಲಿ ಗಣಿಗಾರಿಕೆ ನಡೆಯುತ್ತಿದೆ. ಸುರಂಗದ ಬಾಯಲ್ಲಿ ಶಿಲುಬೆ. ಒಳಗೆ ಕೊಂಬುಗಳಿರುವ ಮಣ್ಣಿನ ಮೂರ್ತಿ. ನೋಡಲು ಕ್ರೈಸ್ತರ ಸೈತಾನನಂತೆಯೇ ಇದ್ದರೂ ಕಾರ್ಮಿಕರು ಅವನನ್ನು ಕರೆಯುವುದು 'ಟಿಯೊ' ಎಂದು. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಮಾಮ! ಅದಿರಿನ ಒಡೆಯ ಅವನೇ ಎಂದು ನಂಬಿ ಕೋಕಾ ಎಲೆ, ಮದ್ಯ, ಸಿಗರೇಟು ಅರ್ಪಿಸುತ್ತಾರೆ. ಅವನು ಮುನಿದರೆ ಅಪಘಾತವಾದೀತೆಂಬ ಭಯ.

ಹಾಗಾದರೆ ಇದು ಮಿಶ್ರಣವೋ, ಸಂಯುಕ್ತವೋ? ರಸಾಯನಶಾಸ್ತ್ರ ಓದಿದವರಿಗೆ ವ್ಯತ್ಯಾಸ ಗೊತ್ತು. ಚಿತ್ರದಲ್ಲಿ ಮೇರಿಯನ್ನೂ ಬೆಟ್ಟವನ್ನೂ ಬಿಡಿಸಲಾಗದು, ಅದು ಸಂಯುಕ್ತ. ಗಣಿಯಲ್ಲಿ ಶಿಲುಬೆ ಹೊರಗೆ, ಟಿಯೊ ಒಳಗೆ, ಅವರವರ ಜಾಗ ಅವರವರಿಗೆ, ಅದು ಮಿಶ್ರಣ. ಧರ್ಮವನ್ನು ಹೇರಿದವರು ಆಳುವವರು. ಆದರೆ ಅದರೊಳಗೆ ತಮ್ಮದನ್ನು ಎಲ್ಲಿ, ಹೇಗೆ ಉಳಿಸಿಕೊಳ್ಳಬೇಕೆಂದು ತೀರ್ಮಾನಿಸಿದವರು ಆ ಬೆಟ್ಟದ ಜನ.